ನಾಯಿ ನಿಮ್ಮದು, ರಾತ್ರಿ ಕಟ್ಟಿ ಹಾಕೋ ಕೆಲಸಾನೂ ನಿಮ್ಮದೇ

ಎರಡು ವಾರದ ಹಿಂದೆ ಗುರುವಾರ ಬೆಳಗಿನ ಜಾವ ನಮ್ಮ ಹಟ್ಟಿಯಲ್ಲಿ ನಾಲ್ಕು ಕುರಿ ಸತ್ತವು. ಮೂರಕ್ಕೆ ಗಾಯ ಆಯಿತು. ಸತ್ತವುಗಳಲ್ಲಿ ಎರಡು ಗಬ್ಬ ಇದ್ದವು. ಕೊಂದಿದ್ದು ತೋಳ ಅಲ್ಲ, ಪಕ್ಕದ ಹೊಲದವರು ಸಾಕಿದ ಎರಡು ನಾಯಿ.

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದಿದ್ದರೆ ಬರೀ ಬೈಗುಳ ಆಗುತ್ತಿತ್ತು. ಈಗ ಸ್ವಲ್ಪ ತಣ್ಣಗಾಗಿದ್ದೇನೆ. ನಮ್ಮ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆ ಕುರಿ ಇಟ್ಟವರಿಗೂ, ಅದಕ್ಕಿಂತ ಜಾಸ್ತಿ ಹೊಲದ ಮನೆಯಲ್ಲಿ ನಾಯಿ ಸಾಕಿದವರಿಗೂ ಇದನ್ನು ಹೇಳಲೇಬೇಕು ಅನ್ನಿಸಿತು.

ಅವತ್ತು ನಾಲ್ಕು ಗಂಟೆ ಸುಮಾರಿಗೆ ನಮ್ಮ ಹಟ್ಟಿ ನಾಯಿ ಒಂದೇ ಸಮ ಬೊಗಳತೊಡಗಿತು. ಅವ್ವ ಮೊದಲು ಎದ್ದಳು. ನಾನು ಬ್ಯಾಟರಿ ಹಿಡಿದು ಓಡಿದೆ. ಕುರಿಗಳ ಸದ್ದೇ ಇರಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕುರಿ ಹೆದರಿದರೆ ಆಡಿನ ಹಾಗೆ ಅರಚುವುದಿಲ್ಲ. ಬಾಯಿ ಮುಚ್ಚಿಕೊಂಡು ಒಂದರ ಮೇಲೊಂದು ನುಗ್ಗುತ್ತದೆ. ಅರವತ್ತು ಕುರಿ ಹಟ್ಟಿಯ ಸುತ್ತ ಕಟ್ಟಿದ ಬಲೆಯ ಒಂದೇ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಅಡಿಗೆ ಸಿಕ್ಕ ಎರಡು ಉಸಿರುಗಟ್ಟಿ ಸತ್ತಿದ್ದವು. ಅವುಗಳ ಮೈಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ. ಇನ್ನೆರಡು ಬಯಲಲ್ಲಿ ಬಿದ್ದಿದ್ದವು.

ನಾಯಿಗಳು ಬೆಳಕಿಗೆ ತಿರುಗಿ ನೋಡಿದವು. ಒಂದರ ಕೊರಳಲ್ಲಿ ಕೆಂಪು ಪಟ್ಟಿ. ನನ್ನನ್ನು ಕಂಡು ಅದು ಬಾಲ ಅಲ್ಲಾಡಿಸಿತು. ಎಷ್ಟೋ ಸಲ ನನ್ನ ಕೈಯಿಂದ ರೊಟ್ಟಿ ತಿಂದ ನಾಯಿ ಅದು. ಅದರ ಮೂತಿಗೆಲ್ಲ ಉಣ್ಣೆ ಅಂಟಿತ್ತು.

ಬೆಳಗಾದ ಮೇಲೆ ಪಕ್ಕದವರು ಬಂದು ನೋಡಿ ಮೊದಲು ಹೇಳಿದ ಮಾತು, "ತ್ವಾಳ ಇರಬೇಕು ತಗೋ, ಗುಡ್ಡದಿಂದ ಇಳದಾವು." ಕಪ್ಪತಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಹೇಳಬಾರದು. ತೋಳ ಬಂದರೆ ಗಂಟಲಿಗೆ ಬಾಯಿ ಹಾಕುತ್ತದೆ, ಒಂದನ್ನು ಹೊತ್ತುಕೊಂಡು ಹೋಗುತ್ತದೆ. ಅದಕ್ಕೆ ಹಸಿವು. ಊರ ನಾಯಿ ಹಾಗಲ್ಲ. ಹಿಂಗಾಲು, ತೊಡೆ, ಕಿವಿ, ಬಾಲ, ಎಲ್ಲಿ ಸಿಕ್ಕಿತೋ ಅಲ್ಲಿ ಹಿಡಿದು ಜಗ್ಗುತ್ತದೆ. ಒಂದು ಬಿದ್ದರೆ ಬಿಟ್ಟು ಮತ್ತೊಂದರ ಬೆನ್ನು ಹತ್ತುತ್ತದೆ. ತಿನ್ನುವುದಿಲ್ಲ. ನಮ್ಮ ನಾಲ್ಕೂ ಕುರಿ ಪೂರ್ತಿ ಹಾಗೇ ಬಿದ್ದಿದ್ದವು, ಒಂದು ತುತ್ತು ಮಾಂಸವೂ ಹೋಗಿರಲಿಲ್ಲ.

ಫೋಟೋ ತೋರಿಸಿದೆ. ಕೆಂಪು ಪಟ್ಟಿ ನೋಡಿದ ಮೇಲೆ ಸುಮ್ಮನಾದರು. ಆಮೇಲೆ ಅಂದರು, "ಏನ್ ಮಾಡೂದು ಬಿಡೋ ತಮ್ಮಾ, ಮೂಕ ಪ್ರಾಣಿ, ನಾಯಿಗೆ ತಿಳೀತೈತೇನು?"

ಈ ಮಾತು ನನ್ನ ತಲೆಯಲ್ಲಿ ಇನ್ನೂ ಕೊರೆಯುತ್ತಿದೆ. ನಾಯಿಗೆ ತಿಳಿಯುವುದಿಲ್ಲ, ಒಪ್ಪಿದೆ. ಅದಕ್ಕೇ ಅಲ್ವಾ ಸಾಕಿದವರಿಗೆ ತಿಳಿದಿರಬೇಕು ಅನ್ನುವುದು? ಅನ್ನ ಹಾಕುವಾಗ ನಾಯಿ ನಿಮ್ಮದು. ಹೊಲ ಕಾಯುವಾಗ ನಿಮ್ಮದು. ಕುರಿ ಕಡಿದ ಕೂಡಲೇ ಮೂಕ ಪ್ರಾಣಿ ಆಗಿಬಿಡುತ್ತದೆ. ಇದೇ ನನಗೆ ತಡೆಯಲಾರದ್ದು.

ಅದರಲ್ಲೂ ಕೆಂಪು ಪಟ್ಟಿಯದು ಮುಧೋಳದ ಬೆರಕೆ. ನಮ್ಮ ಬಾಗಲಕೋಟೆ ಕಡೆಯ ತಳಿ, 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ, ಸೈನ್ಯಕ್ಕೂ ಹೋದ ನಾಯಿ. ಹೆಮ್ಮೆ ನನಗೂ ಇದೆ. ಆದರೆ ಅದು ಬೇಟೆ ನಾಯಿ. ವಾಸನೆಗಿಂತ ಕಣ್ಣಿಗೆ ಜಾಸ್ತಿ ಕೆಲಸ ಕೊಡುವ ತಳಿ. ಎದುರಿಗೆ ಏನಾದರೂ ಓಡಿದರೆ ಅದರ ಕಾಲು ನಿಲ್ಲುವುದಿಲ್ಲ, ರಕ್ತದಲ್ಲೇ ಇದೆ. ಚೆಂದ ಕಾಣುತ್ತದೆ ಅಂತ ಮರಿ ತಂದು, ಹೆಸರಿಟ್ಟು, ರಾತ್ರಿ ಬಿಚ್ಚಿ ಬಿಟ್ಟು ಮಲಗಿದರೆ ಅದು ಮಾಡುವುದು ಇದನ್ನೇ. ಅದರ ಜೊತೆ ಇನ್ನೊಂದು ನಾಯಿ ಸೇರಿದರೆ ಮುಗಿಯಿತು. ಒಂದೇ ಇದ್ದಾಗ ಬಾಗಿಲಲ್ಲಿ ಸುಮ್ನೆ ಮಲಗುವ ನಾಯಿ ಎರಡಾದಾಗ ಬೇರೆಯೇ ಆಗುತ್ತದೆ. "ನಮ್ಮ ನಾಯಿ ಹಂಗಲ್ಲ" ಅನ್ನುವವರು ರಾತ್ರಿ ಎರಡು ಗಂಟೆಗೆ ಎದ್ದು ಅದು ಎಲ್ಲಿದೆ ಅಂತ ಒಮ್ಮೆ ನೋಡಿ.

ನಮ್ಮ ಹಟ್ಟಿಯಲ್ಲೂ ನಾಯಿ ಇದೆ. ಕಣ್ಣು ಬಿಡುವ ಮೊದಲೇ ತಂದು ಕುರಿಗಳ ನಡುವೆ ಬಿಟ್ಟು ಬೆಳೆಸಿದ್ದು. ಮರಿಗಳ ಜೊತೆ ಮಲಗಿ, ಕುರಿ ಹಾಲು ಕುಡಿದು ಬೆಳೆದಿದ್ದು. ಅದು ಕುರಿಯ ಮೇಲೆ ಒಮ್ಮೆಯೂ ಬಾಯಿ ಹಾಕಿಲ್ಲ. ಅವತ್ತು ಅದೂ ಕಡಿಸಿಕೊಂಡಿತು, ಎಡ ಕಿವಿ ಹರಿದಿದೆ. ನನಗೆ ನಾಯಿ ಕಂಡರೆ ಆಗುವುದಿಲ್ಲ ಅಂತ ಯಾರೂ ತಿಳಿಯಬೇಡಿ.

ಮಧ್ಯಾಹ್ನ ಚಾದಂಗಡಿಯಲ್ಲಿ ಎಲ್ಲರೂ ಸೇರಿದಾಗ ಬಂದ ಸಲಹೆ ಒಂದೇ. "ಮಾಂಸದ ತುಂಡಿಗೆ ಎಣ್ಣಿ ಹಚ್ಚಿ ಒಗಿ, ಮುಗೀತು." ಎಣ್ಣೆ ಅಂದರೆ ಹತ್ತಿಗೆ, ಮೆಣಸಿನ ಗಿಡಕ್ಕೆ ಹೊಡೆಯುವ ಔಷಧ. ಸಿಟ್ಟಿನಲ್ಲಿ ನನಗೂ ಒಂದು ಗಳಿಗೆ ಹೌದು ಅನ್ನಿಸಿತು. ಮನೆಗೆ ಬಂದು ನಮ್ಮ ನಾಯಿಯ ಕಿವಿಗೆ ಅರಿಸಿನ ಹಚ್ಚುವಾಗ ಆ ಯೋಚನೆ ಬಿಟ್ಟೆ. ಎಸೆದ ತುಂಡನ್ನು ಯಾವ ನಾಯಿ ತಿನ್ನುತ್ತದೆ ಅಂತ ಹೇಳುವವರು ಯಾರು? ನಮ್ಮದೇ ತಿನ್ನಬಹುದು. ಸತ್ತ ನಾಯಿಯನ್ನು ಕಾಗೆ, ಹದ್ದು, ನರಿ ತಿನ್ನುತ್ತವೆ, ಅವೂ ಸಾಯುತ್ತವೆ. ಹೊಲದಲ್ಲಿ ಮಕ್ಕಳು ಆಡುತ್ತಾರೆ. ಇನ್ನು ಕಾನೂನು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ ಐದು ವರ್ಷದವರೆಗೆ ಜೈಲು ಆಗಬಹುದು. ಕುರಿ ಕಳಕೊಂಡವನೇ ಕೋರ್ಟಿಗೆ ಅಲೆಯಬೇಕಾಗುತ್ತದೆ.

ವಿಷ ಬೇಡ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಒಂದಿದೆ. ನನಗೆ ಅದು ಗೊತ್ತಾಗಿದ್ದು ಪಶು ವೈದ್ಯರಿಂದ. ಪಶು ಸಹಾಯವಾಣಿ 1962 ನಂಬರಿಗೆ ಫೋನ್ ಮಾಡಿದ್ದೆ, ದನಕರುಗಳ ಆಂಬ್ಯುಲೆನ್ಸ್ ಪಶು ಸಂಜೀವಿನಿ ಗಾಡಿ ಬಂತು. ಡಾಕ್ಟರು ಗಾಯ ನೋಡುವ ಮೊದಲೇ ಕೇಳಿದ್ದು, "ಕಚ್ಚಿದ ನಾಯಿ ಎಲ್ಲಿದೆ? ಅದಕ್ಕೆ ಹುಚ್ಚು ನಾಯಿ ಲಸಿಕೆ ಆಗಿದೆಯಾ?" ಲಸಿಕೆ ಆಗಿರಲಿಲ್ಲ. ಹಾಗಾದರೆ ಹತ್ತು ದಿನ ಆ ನಾಯಿಗಳನ್ನು ಕಟ್ಟಿ ಹಾಕಿ ನೋಡಿ ಅಂದರು. ಕಚ್ಚಿದ ನಾಯಿ ಹತ್ತು ದಿನದ ನಂತರವೂ ಉಂಡುಕೊಂಡು ತಿಂದುಕೊಂಡು ಚೆನ್ನಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಅರ್ಥ. ಕೊಂದು ಹಾಕಿದರೆ ಅದು ತಿಳಿಯುವ ದಾರಿಯೇ ಮುಚ್ಚಿ ಹೋಗುತ್ತದೆ.

ಪಕ್ಕದವರಿಗೆ ಹೇಳಿದೆ. ಅವರು ಕೆಂಪು ಪಟ್ಟಿಯದನ್ನು ಕಟ್ಟಿದರು. ಇನ್ನೊಂದನ್ನು ಪೊಲೀಸರ ಹೆದರಿಕೆಗೆ ಮರುದಿನ ರಾತ್ರಿಯೇ ಟಂಟಂನಲ್ಲಿ ಹಾಕಿಕೊಂಡು ಹೋಗಿ ಎಲ್ಲೋ ದೂರ ಬಿಟ್ಟು ಬಂದರು. ಕುರಿ ಸತ್ತಿದ್ದಕ್ಕಿಂತ ಇದು ನನಗೆ ಜಾಸ್ತಿ ಬೇಸರ ತಂದಿತು. ಕುರಿಯ ರುಚಿ ಕಂಡ ನಾಯಿ, ಲಸಿಕೆ ಇಲ್ಲದ ನಾಯಿ, ಈಗ ಯಾವುದೋ ಊರಿನಲ್ಲಿ ಯಾರದೋ ಹಟ್ಟಿಯ ಹತ್ತಿರ ತಿರುಗುತ್ತಿದೆ. ಅವರಿಗೆ ಅದರ ಕಥೆ ಗೊತ್ತಿಲ್ಲ.

ಆ ನಾಯಿ ಕಣ್ಣೆದುರು ಇಲ್ಲದ್ದಕ್ಕೇ ನಮ್ಮ ಮೂರೂ ಕುರಿಗಳಿಗೆ, ಹಟ್ಟಿ ನಾಯಿಗೂ, ಪೂರ್ತಿ ಚುಚ್ಚುಮದ್ದು ಹಾಕಿಸಬೇಕಾಯಿತು. ಕಚ್ಚಿದ ದಿನ, ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೆಂಟು. ಗಾಯ ತೊಳೆಯುವಾಗ ಅವ್ವನ ಕೈಗೆ ಸೀಳು ಇತ್ತು, ನನ್ನ ಬೆರಳಿಗೂ ಇತ್ತು. ಜೊಲ್ಲು ಹತ್ತಿರಬಹುದು ಅಂತ ನಾವಿಬ್ಬರೂ ಸರಕಾರಿ ದವಾಖಾನೆಗೆ ಹೋಗಿ ಹಾಕಿಸಿಕೊಂಡೆವು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಔಷಧ ಇಲ್ಲ, ಮನುಷ್ಯರಿಗೂ ಇಲ್ಲ, ದನಕ್ಕೂ ಇಲ್ಲ. ಹಾಗಾಗಿ ಇದರಲ್ಲಿ ಉದಾಸೀನ ಮಾಡಬೇಡಿ. ಕಚ್ಚಿದ ಜಾಗವನ್ನು ಸಾಬೂನು ಹಚ್ಚಿ, ಸುರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಮೆತ್ತಬೇಡಿ. ಆಕಳೋ ಎಮ್ಮೆಯೋ ಜೊಲ್ಲು ಸುರಿಸುತ್ತ, ದನಿ ಒಡೆದು ಒದರುತ್ತ, ನೀರು ನುಂಗಲಾರದೆ ನಿಂತಿದ್ದರೆ "ಗಂಟಲಲ್ಲಿ ಏನೋ ಸಿಕ್ಕಿದೆ" ಅಂತ ಬಾಯಿಗೆ ಕೈ ಹಾಕುತ್ತೀವಲ್ಲ, ಅದನ್ನಂತೂ ಮಾಡಲೇಬೇಡಿ. ಮೊದಲು ಡಾಕ್ಟರನ್ನು ಕರೆಸಿ.

ಗಾಯದ ಬಗ್ಗೆ ಇನ್ನೊಂದು ಮಾತು. ಬೆಳಿಗ್ಗೆ ನೋಡಿದಾಗ ಒಂದೇ ಕುರಿಗೆ ಗಾಯ ಅಂದುಕೊಂಡಿದ್ದೆವು. ಉಳಿದೆರಡು ನೆಟ್ಟಗೆ ನಿಂತಿದ್ದವು, ಆದರೆ ಮೆಲುಕು ಹಾಕುತ್ತಿರಲಿಲ್ಲ. ಅವ್ವನಿಗೆ ಅನುಮಾನ ಬಂತು. ಕತ್ತರಿ ತಂದು ತೊಡೆಯ ಉಣ್ಣೆ ತೆಗೆದು ನೋಡಿದಾಗ ನಾಲ್ಕು ಸಣ್ಣ ತೂತು, ಶೇಂಗಾ ಕಾಳಿನಷ್ಟು. ಒತ್ತಿದರೆ ಒಳಗೆ ಚರ್ಮ ಮಾಂಸದಿಂದ ಬಿಟ್ಟು ಚೀಲದ ಹಾಗೆ ಜೋಲುತ್ತಿತ್ತು. ಮೇಲೆ ಕಾಣುವುದು ಚೂರು, ಒಳಗೆ ಹರಿದಿರುವುದು ಅಂಗೈಯಷ್ಟು. ಅದನ್ನು ಹಾಗೇ ಬಿಟ್ಟಿದ್ದರೆ ಮೂರೇ ದಿನಕ್ಕೆ ಹುಳ ಬೀಳುತ್ತಿತ್ತು. ಗಾಯ ಆದ ಮೂರರಲ್ಲಿ ಒಂದು ವಾರದ ಮೇಲೆ ಕಂದು ಹಾಕಿತು, ಅಂದರೆ ಗಬ್ಬ ಇಳಿಯಿತು. ಹೆದರಿಕೆಯ ಪೆಟ್ಟು ಹಾಗೆಯೇ, ತಡವಾಗಿ ಬೀಳುತ್ತದೆ.

ಪರಿಹಾರದ ವಿಷಯಕ್ಕೆ ಬರುತ್ತೇನೆ. ತೋಳ, ಚಿರತೆ ಹಿಡಿದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ನಾಯಿ ಹಿಡಿದರೆ ಅಲ್ಲಿ ಏನೂ ಇಲ್ಲ. ಕುರಿ ಆಕಸ್ಮಿಕವಾಗಿ ಸತ್ತರೆ ಪಶುಪಾಲನಾ ಇಲಾಖೆಯಲ್ಲಿ ಅನುಗ್ರಹ ಯೋಜನೆ ಇದೆ. 2025-26ರ ಬಜೆಟ್‌ನಲ್ಲಿ ಅದರ ಮೊತ್ತವನ್ನು ಕುರಿ, ಆಡಿಗೆ 5,000 ರೂಪಾಯಿಯಿಂದ 7,500ಕ್ಕೆ ಏರಿಸಿದರು. ಸತ್ತ ಕುರಿಯನ್ನು ಹೂಳುವ ಮೊದಲೇ ಪಶು ವೈದ್ಯರನ್ನು ಕರೆಸಿ, ಪರೀಕ್ಷೆ ಮಾಡಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ನಾವು ಅರ್ಜಿ ಕೊಟ್ಟಿದ್ದೇವೆ. ಆದರೆ ನನ್ನ ಮಾತು ಏನೆಂದರೆ, ಸರಕಾರ ಕೊಡಲಿ ಬಿಡಲಿ, ನಾಯಿ ಸಾಕಿದವರು ಕೊಡಲೇಬೇಕು. ಸಂತೆಯಲ್ಲಿ ಗಬ್ಬದ ಕುರಿಗೆ ಹನ್ನೆರಡು ಸಾವಿರಕ್ಕೆ ಕಡಿಮೆ ಇಲ್ಲ.

ಪೊಲೀಸ್ ಕೇಸ್ ಮಾಡು ಅಂತ ತುಂಬಾ ಜನ ಹೇಳಿದರು. ಅದೇ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ, ಸಾಕಿದ ಪ್ರಾಣಿಯನ್ನು ಹತೋಟಿಯಲ್ಲಿ ಇಡದಿದ್ದರೆ ಆರು ತಿಂಗಳು ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದು ಮನುಷ್ಯರ ಜೀವಕ್ಕೆ ಅಪಾಯ ಇದ್ದಾಗಿನ ಮಾತು. ಕುರಿಯ ಲೆಕ್ಕ ಅದರಲ್ಲಿ ಬರುವುದಿಲ್ಲ. ಅದಕ್ಕೇ ನಾನು ಹಿರಿಯರನ್ನು ಕೂಡಿಸಿದೆ. ಪಕ್ಕದ ಮನೆಯವರ ಜೊತೆ ನಮ್ಮದು ಒಂದೇ ಬದು. ಪ್ರತಿ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗದ ಎಡೆ ಚೆಲ್ಲಿ ಒಂದೇ ಗಿಡದ ಕೆಳಗೆ ಉಂಡವರು. ಅವ್ವನ ಕಾಲು ಮುರಿದಾಗ ಅವರೇ ಗಾಡಿ ತಂದಿದ್ದರು. ಇದನ್ನೆಲ್ಲ ಮರೆಯುವುದಕ್ಕೆ ನನಗೆ ಆಗುವುದಿಲ್ಲ. ಹಾಗಂತ ನಾಲ್ಕು ಕುರಿ ಬಿಟ್ಟುಕೊಡುವುದಕ್ಕೂ ಆಗುವುದಿಲ್ಲ.

ಗುಡಿ ಕಟ್ಟೆಯ ಮೇಲೆ ಎರಡು ತಾಸು ಮಾತಾಯಿತು. ಗೋವಿನಜೋಳ ಮಾರಿದ ಮೇಲೆ ಎರಡು ಕಂತಿನಲ್ಲಿ ಮೂವತ್ತು ಸಾವಿರ ಕೊಡುವುದು, ದೀಪ ಹಚ್ಚುವ ಹೊತ್ತಿನಿಂದ ಬೆಳಕು ಹರಿಯುವ ತನಕ ನಾಯಿ ಕಟ್ಟುವುದು. ಎರಡನ್ನೂ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿದೆ. ನಿಜ ಹೇಳಬೇಕೆಂದರೆ ಇದನ್ನು ಆರು ತಿಂಗಳ ಹಿಂದೆಯೇ ಮಾಡಬೇಕಿತ್ತು. ಅದೇ ನಾಯಿ ಆಗ ಒಂದು ಮರಿಯ ಬೆನ್ನು ಹತ್ತಿತ್ತು. ನೆರೆಯವರು, ಯಾಕೆ ಸುಮ್ನೆ ಮನಸ್ತಾಪ ಅಂತ ನಕ್ಕು ಬಿಟ್ಟುಬಿಟ್ಟೆ. ನಿಮ್ಮ ಹಟ್ಟಿಯ ಹತ್ತಿರ ನಾಯಿ ಮೊದಲ ಸಲ ಸುಳಿದಾಗಲೇ ಹೋಗಿ ಹೇಳಿ. ಏನೂ ಕಳಕೊಳ್ಳುವ ಮೊದಲು ಆಡಿದ ಮಾತಿನಲ್ಲಿ ಸಿಟ್ಟು ಇರುವುದಿಲ್ಲ, ಕೇಳುವವರೂ ಕೇಳುತ್ತಾರೆ.

ನಾಯಿ ಸಾಕಿದವರಲ್ಲಿ ಕೇಳುವುದು ಬಹಳ ಇಲ್ಲ. ಮೂರು ತಿಂಗಳ ಮರಿಗೆ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ ಹಾಕಿಸಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ, ಕೇಳಿ ನೋಡಿ. ಕುರಿ ಕೊಯ್ದ ತಲೆ, ಕರುಳು ನಾಯಿಗೆ ಹಸಿಯಾಗಿ ಎಸೆಯಬೇಡಿ. ತಲೆಯಲ್ಲಿನ ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಆಗುತ್ತದೆ. ಅದರ ಹೇಲಿನಿಂದ ಮೊಟ್ಟೆ ಹುಲ್ಲಿಗೆ ಬಂದು ಮತ್ತೆ ಕುರಿಯ ಮೆದುಳಿಗೆ ಹೋಗುತ್ತದೆ. ಕುರಿ ಒಂದೇ ಕಡೆಗೆ ಗಿರಗಿರ ತಿರುಗಿ ಸಾಯುವುದನ್ನು ನೀವೂ ನೋಡಿರುತ್ತೀರಿ. ಇನ್ನು ಹಗಲು ನಾಯಿ ಬಿಡಲೇಬೇಕು ಅಂದರೆ ಕಣ್ಣೆದುರು ಬಿಡಿ. ಸಂಜೆ ಹೊಟ್ಟೆ ತುಂಬ ಹಾಕಿ ಕಟ್ಟಿ. ಕಟ್ಟಿದ ನಾಯಿಯೂ ಬೊಗಳುತ್ತದೆ, ಕಳ್ಳನಿಗೆ ಅಷ್ಟೇ ಸಾಕು.

ನಾವೂ ಬಲೆ ಬದಲಿಸಿದೆವು. ಐದೂವರೆ ಅಡಿ ಎತ್ತರದ ತಂತಿ ಜಾಲರಿ, ಒಂದು ಅಡಿ ನೆಲದೊಳಗೆ ಹೂತಿದ್ದೇವೆ. ನಾಯಿ ಹಾರುವುದಕ್ಕಿಂತ ಕೆರೆದು ನುಸುಳುವುದೇ ಜಾಸ್ತಿ. ಮೂಲೆಗಳಲ್ಲಿ ಕಲ್ಲು ಜೋಡಿಸಿ ದುಂಡಗೆ ಮಾಡಿದ್ದೇವೆ, ಮತ್ತೆ ಒತ್ತಿಕೊಂಡು ಸಾಯಬಾರದು ಅಂತ.

ಇವತ್ತು ಹದಿನಾಲ್ಕನೇ ದಿನ, ನಾಲ್ಕನೇ ಚುಚ್ಚುಮದ್ದು ಆಯಿತು. ತೊಡೆಗೆ ಗಾಯ ಆದ ಕುರಿ ಕುಂಟುತ್ತಲೇ ಮೇಯಲು ಹೊರಟಿದೆ. ಪಕ್ಕದವರ ಬದುವಿನ ತನಕ ಹಿಂಡಿನ ಜೊತೆ ಬರುತ್ತದೆ, ಅಲ್ಲಿ ನಿಂತುಬಿಡುತ್ತದೆ. ಅವ್ವ ದಿನಾ ಅದನ್ನು ಎತ್ತಿಕೊಂಡು ಬದು ದಾಟಿಸುತ್ತಾಳೆ.