ಟಪಾಲಿನ ಮೇಲೆ ಕೂತವರು

ಪೋನಿ ಎಕ್ಸ್‌ಪ್ರೆಸ್ ಅಂದರೆ 1860ರ ಹೊತ್ತಿಗೆ ಅಮೆರಿಕದಲ್ಲಿ ಕುದುರೆ ಸವಾರರು ಓಡಿಸಿದ ಅಂಚೆ. ಅದರ ಚಿತ್ರಗಳಲ್ಲಿ ಕುದುರೆ ಧೂಳೆಬ್ಬಿಸುತ್ತಿರುತ್ತದೆ, ಹುಡುಗ ಬಗ್ಗಿ ಕೂತಿರುತ್ತಾನೆ. ಏತರ ಮೇಲೆ ಕೂತಿದ್ದಾನೆ ಅಂತ ಯಾರೂ ನೋಡುವುದಿಲ್ಲ. ಟಪಾಲಿನ ಮೇಲೇ!

ಅದರ ಹೆಸರು ಮೊಚೀಲಾ. ಜೀನಿನ ಮೇಲೆ ಹೊದಿಸುವ ತೊಗಲಿನ ಹಾಸು. ಜೀನಿನ ಮುಂದಿನ ಕೊಂಬು ಹೊರಬರಲು ಒಂದು ತೂತು, ಹಿಂಬದಿಯ ಏರಿಗೆ ಒಂದು ಸೀಳು, ನಾಲ್ಕು ಮೂಲೆಗೆ ಗಟ್ಟಿ ತೊಗಲಿನ ನಾಲ್ಕು ಜೇಬು. ಮೂರಕ್ಕೆ ಬೀಗ, ಕೀಲಿಕೈ ಸವಾರನ ಹತ್ತಿರ ಇರುತ್ತಿರಲಿಲ್ಲ. ನಾಲ್ಕನೆಯದರಲ್ಲಿ ದಾರಿಯ ಠಾಣೆಗಳ (ಕುದುರೆ ಬದಲಿಸುವ ತಂಗುದಾಣಗಳ) ಕಾಗದ, ಹೊತ್ತು ಬರೆಯುವ ಚೀಟಿ. ಜೀನಿಗೆ ಬಿಗಿಯುವ ಪಟ್ಟಿ ಮಾತ್ರ ಇಲ್ಲ. ಸವಾರನ ಭಾರವೇ ಅದನ್ನು ಹಿಡಿದಿಡಬೇಕು.

ಇಡೀ ವ್ಯವಸ್ಥೆಯ ಜಾಣತನ ಇದ್ದದ್ದು ಕುದುರೆಗಿಂತ ಈ ಹಾಸಿನಲ್ಲೇ. ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 1,900 ಮೈಲಿ. ಗಡುವು 10 ದಿನ. 10–15 ಮೈಲಿಗೊಮ್ಮೆ ಕುದುರೆ ಬದಲು, 75–100 ಮೈಲಿಗೊಮ್ಮೆ ಸವಾರ ಬದಲು. ಹೊಸ ಕುದುರೆಗೆ ಜೀನು ಬಿಗಿದೇ ಇರುತ್ತಿತ್ತು. ಹಳೆಯದರ ಮೇಲಿಂದ ಮೊಚೀಲಾ ಎಳೆ, ಹೊಸದರ ಮೇಲೆ ಎಸೆ, ಹತ್ತು. ಕೊಟ್ಟ ಸಮಯ 2 ನಿಮಿಷ. ಬಕಲು ಬಿಚ್ಚಿ ಕಟ್ಟುತ್ತ ಠಾಣೆಗೆ 5 ನಿಮಿಷ ಹೆಚ್ಚು ತಗುಲಿದ್ದರೆ, 150ಕ್ಕೂ ಮಿಕ್ಕಿದ ಠಾಣೆಗಳಲ್ಲಿ ಅರ್ಧ ದಿನವೇ ಹೋಗುತ್ತಿತ್ತು.

ಟಪಾಲಿನ ತೂಕ ಸುಮಾರು 9 ಕಿಲೊ, ಅಷ್ಟೇ. ಅರ್ಧ ಔನ್ಸ್ ಕಾಗದಕ್ಕೆ ಮೊದಲು 5 ಡಾಲರ್! ಹಾಗಾಗಿ ಜನ ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆಯಲ್ಲಿ ಬರೆಯುತ್ತಿದ್ದರು. ಹೊಳೆಯ ನೀರಿಗೂ ಕುದುರೆಯ ಬೆವರಿಗೂ ನೆನೆಯದಂತೆ ಎಣ್ಣೆ ಹಾಕಿದ ರೇಷ್ಮೆಯಲ್ಲಿ ಸುತ್ತುತ್ತಿದ್ದರು.

ಖರ್ಚು ಕಣ್ಣಿಗೆ ಕಾಣದ ಕಡೆ. ಬರೀ ಹುಲ್ಲು ಮೇಯ್ದ ಕುದುರೆ ಈ ಓಟಕ್ಕೆ ಆಗದು, ಕಾಳು ಬೇಕು. ನೆವಾಡಾದ ಮರುಭೂಮಿಯ ಠಾಣೆಗಳಿಗೆ ಅದನ್ನು ಗಾಡಿಯಲ್ಲಿ ಹೊರಿಸಬೇಕು. ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ಹಿಮ ಬಿದ್ದರೆ ಹೇಸರಗತ್ತೆಗಳ ಸಾಲು ನಡೆಸಿ ದಾರಿ ತುಳಿಸಬೇಕು. ಪಾಯೂಟ್ ಎಂಬ ಮೂಲನಿವಾಸಿಗಳೊಡನೆ ನಡೆದ 1860ರ ಯುದ್ಧದಲ್ಲಿ ಠಾಣೆಗಳೇ ಸುಟ್ಟು ಕೆಲವು ವಾರ ಓಟ ನಿಂತಿತು. 5 ಡಾಲರ್ ಕೂಡ ಕಡಿಮೆಯೇ ಆಯಿತೆನ್ನಬೇಕು: ಈ ಅಂಚೆ ನಡೆಸಿದ ರಸೆಲ್, ಮೇಜರ್ಸ್, ವಾಡೆಲ್ ಎಂಬ ಮೂವರು ಪಾಲುದಾರರಿಗೆ ಕೈಲಿದ್ದ ಗಂಟೂ ಹೋಯಿತು.

1860ರ ಏಪ್ರಿಲ್ 3ಕ್ಕೆ ಶುರುವಾದ ಈ ಅಂಚೆಯನ್ನು, 1861ರ ಅಕ್ಟೋಬರ್ 24ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಟೆಲಿಗ್ರಾಫ್ ತಂತಿ ಕೂಡಿದ ಎರಡೇ ದಿನಕ್ಕೆ ಮುಚ್ಚುವುದೆಂದು ಘೋಷಣೆಯಾಯಿತು. ಆದರೂ 1860ರಲ್ಲಿ ದಾರಿಯಲ್ಲಿ ಕಳುವಾಗಿದ್ದ ಟಪಾಲಿನ ಒಂದು ಲಕೋಟೆ ಹೇಗೋ ಸಿಕ್ಕಿ, 1862ರಲ್ಲಿ ನ್ಯೂಯಾರ್ಕ್ ತಲುಪಿತು. ತಡವೇಕೆ ಎಂಬ ಒಕ್ಕಣೆಯನ್ನು ಅಂಚೆಯವರು ಅದರ ಮೇಲೇ ಬರೆದಿದ್ದರು.