ಒಂದು ವೋಚರಿಗೆ ಎರಡು ವೋಲ್ಗಾ ಕಾರು

ಸೋವಿಯತ್ ಒಕ್ಕೂಟ ಕುಸಿದ ಮೇಲೆ ರಷ್ಯಾದ ಸರ್ಕಾರಿ ಉದ್ದಿಮೆಗಳು ಕೆಲವೇ ಜನರ ಪಾಲಾದದ್ದಕ್ಕೆ ಖಾಸಗೀಕರಣವನ್ನೇ ದೂರುವವರಿದ್ದಾರೆ, ಬೇರೆ ದಾರಿಯೇ ಇರಲಿಲ್ಲವೆನ್ನುವವರೂ ಇದ್ದಾರೆ. ನನಗೆ ಕಾಣುವಂತೆ, ರಷ್ಯಾ ಸರ್ಕಾರ ಎಡವಿದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ.

1992ರ ಜನವರಿ 2ರಂದು ಹೆಚ್ಚಿನ ಸರಕುಗಳ ಬೆಲೆ ನಿಯಂತ್ರಣವನ್ನು, ಆರ್ಥಿಕ ಸುಧಾರಣೆಯ ಹೊಣೆ ಹೊತ್ತಿದ್ದ ಗೈದರ್ ಅವರ ತಂಡ ತೆಗೆದುಹಾಕಿತು. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 26 ಪಟ್ಟಾಗಿ, ಜನ ಹತ್ತಾರು ವರ್ಷ ಬ್ಯಾಂಕಿನಲ್ಲಿ ಕೂಡಿಟ್ಟಿದ್ದ ರೂಬಲ್ ಕರಗಿಹೋಯಿತು. ಹೀಗೆ ಕೈ ಬರಿದಾಗುತ್ತಿದ್ದಾಗಲೇ, ಅದೇ ಅಕ್ಟೋಬರಿನಿಂದ, ಹಸುಗೂಸಿನಿಂದ ಮುದುಕರವರೆಗೆ ಎಲ್ಲರಿಗೂ 10,000 ರೂಬಲ್ ಮುಖಬೆಲೆಯ ವೋಚರ್, ಅಂದರೆ ಸರ್ಕಾರಿ ಉದ್ದಿಮೆಗಳ ಷೇರು ಪಡೆಯಲು ಬಳಸುವ ಚೀಟಿ, ಹಂಚತೊಡಗಿದರು. ಮುಂದೆ ಅದರ ಬೆಲೆ ಎರಡು ವೋಲ್ಗಾ ಕಾರಿನಷ್ಟಾಗುತ್ತದೆ ಎಂದಿದ್ದರು ಖಾಸಗೀಕರಣದ ಹೊಣೆ ಹೊತ್ತಿದ್ದ ಚುಬೈಸ್. ಮೆಟ್ರೋ ನಿಲ್ದಾಣಗಳ ಬಳಿ ‘ವೋಚರ್ ಕೊಳ್ಳುತ್ತೇವೆ’ ಎಂಬ ರಟ್ಟನ್ನು ಎದೆಗೆ ತೂಗುಹಾಕಿಕೊಂಡು ನಿಂತವರಿಗೆ ಕೆಲವು ಬಾಟಲಿ ವೋಡ್ಕಾದ ಬೆಲೆಗೇ ಅದನ್ನು ಮಾರಿದವರು ಬಹಳ. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಾಗುವುದಿಲ್ಲ. ಕಾರ್ಖಾನೆಯ ನಿಜವಾದ ಲೆಕ್ಕ ಅದರ ನಿರ್ದೇಶಕನಿಗಷ್ಟೇ ಗೊತ್ತಿದ್ದು, ಷೇರುದಾರ ಮೊರೆಯಿಡಲು ನೆಚ್ಚುವಂಥ ನ್ಯಾಯಾಲಯವೂ ಇಲ್ಲದ ಕಡೆ, ನಾಳಿನ ಲಾಭಾಂಶಕ್ಕಿಂತ ಇವತ್ತಿನ ಊಟವನ್ನು ಆರಿಸಿಕೊಳ್ಳುವುದು ವಿವೇಕವೇ.

ತಡಮಾಡಿದ್ದರೆ ನಿರ್ದೇಶಕರೇ ಎಲ್ಲವನ್ನೂ ನುಂಗುತ್ತಿದ್ದರು ಎಂಬ ಸಮರ್ಥನೆಯಿದೆ. ಆಗಲೇ ನುಂಗತೊಡಗಿದ್ದರೆಂಬುದೂ ನಿಜ. ಆದರೆ 1995ರ ‘ಷೇರಿನ ಮೇಲೆ ಸಾಲ’ ಯೋಜನೆಗೆ ಆ ಮಾತು ಹೊಂದುವುದಿಲ್ಲ. ಖಜಾನೆ ಬರಿದಾಗಿದ್ದ ಸರ್ಕಾರ ಬ್ಯಾಂಕುಗಳಿಂದ ಸಾಲವೆತ್ತಿ, ಲಾಭ ತರುವ ಉದ್ದಿಮೆಗಳ ಷೇರುಗಳನ್ನೇ ಒತ್ತೆಯಿಟ್ಟಿತು. ಹರಾಜಿನಲ್ಲಿ ಹೆಚ್ಚು ಸಾಲ ಕೊಡಲೊಪ್ಪಿದವರಿಗೆ ಒತ್ತೆ; ಸಾಲ ತೀರದಿದ್ದರೆ ಷೇರು ಅವರ ಕೈಗೆ. ಲೋಹದ ಗಣಿ ಕಂಪನಿ ನೊರಿಲ್ಸ್ಕ್ ನಿಕೆಲ್‌ನ ಶೇ. 38ರಷ್ಟು ಷೇರುಗಳ ಹರಾಜನ್ನು ನಡೆಸಿಕೊಟ್ಟದ್ದು ಪೊತಾನಿನ್ ಅವರ ಒನೆಕ್ಸಿಂ ಬ್ಯಾಂಕ್, ಗೆದ್ದದ್ದೂ ಅದೇ. ಆರಂಭದ ಬೆಲೆ 17 ಕೋಟಿ ಡಾಲರ್, ಗೆದ್ದ ಬೆಲೆ 17.01 ಕೋಟಿ. 35.5 ಕೋಟಿ ಕೊಡಲು ಮುಂದೆ ಬಂದ ಇನ್ನೊಂದು ಬ್ಯಾಂಕನ್ನು ಖಾತರಿ ಸಾಲದೆಂದು ಹೊರಗಿಟ್ಟರು. ಬೇಲಿಯೇ ಹೊಲ ಮೇಯ್ದ ಗಾದೆಯಲ್ಲಿ ಬೇಲಿ ಹರಾಜು ಕೂಗುವುದಿಲ್ಲ.

ಪೋಲೆಂಡ್ ಬೆಲೆಗಳನ್ನು ಅಷ್ಟೇ ದಿಢೀರನೆ ಬಿಟ್ಟಿತಾದರೂ ದೊಡ್ಡ ಕಾರ್ಖಾನೆಗಳನ್ನು ಮಾರಲು ಅವಸರಪಡಲಿಲ್ಲ. ಷೇರುಪೇಟೆಗೆ ಕಾನೂನನ್ನೂ ಮೇಲ್ವಿಚಾರಣೆಗೆ ಆಯೋಗವನ್ನೂ ರೂಪಿಸಿಕೊಂಡು, 1991ರ ಏಪ್ರಿಲ್‌ನಲ್ಲಿ ವಾರ್ಸಾದಲ್ಲಿ, ಹಿಂದಿನ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿಯ ಕಟ್ಟಡದಲ್ಲೇ, ಬರೀ ಐದು ಕಂಪನಿಗಳೊಂದಿಗೆ ವಹಿವಾಟು ಆರಂಭಿಸಿತು.

ರಷ್ಯಾದಲ್ಲಿ ಅದೇ ಸಾಲದ ಯೋಜನೆಯಲ್ಲಿ, ಸುಮಾರು 10 ಕೋಟಿ ಡಾಲರಿಗೆ ಉದ್ಯಮಿಗಳಾದ ಬೆರೆಜೊವ್ಸ್ಕಿ, ಅಬ್ರಮೊವಿಚ್ ಪಾಲಾದದ್ದು ಸಿಬ್ನೆಫ್ಟ್ ತೈಲ ಕಂಪನಿಯ ಶೇ. 51ರಷ್ಟು ಷೇರು. ಹತ್ತು ವರ್ಷದ ಬಳಿಕ, 2005ರಲ್ಲಿ, ಸರ್ಕಾರದ ಹಿಡಿತದ ಅನಿಲ ಕಂಪನಿ ಗ್ಯಾಜ್‌ಪ್ರಾಮ್ ಸಿಬ್ನೆಫ್ಟ್‌ನ ಮುಕ್ಕಾಲು ಪಾಲಿನಷ್ಟನ್ನು ಮರಳಿ ಕೊಂಡಾಗ ತೆತ್ತದ್ದು 1,300 ಕೋಟಿ ಡಾಲರ್.