‘ಥಿಯರಿ ಆಫ್ ಮೈಂಡ್ ಇಲ್ಲ’ ಅಂತ ಬರೆಯುವ ಮುಂಚೆ

ಥಿಯರಿ ಆಫ್ ಮೈಂಡ್ ಅಂದರೆ ಬೇರೆಯವರ ಮನಸ್ಸಿನಲ್ಲಿ ಏನಿದೆ, ಅವರು ಏನು ನಂಬಿದ್ದಾರೆ ಅಂತ ತಿಳಿಯುವ ಶಕ್ತಿ. ‘ಮಗುವಿಗೆ ಥಿಯರಿ ಆಫ್ ಮೈಂಡ್ ಇಲ್ಲ’ ಅಂತ ರಿಪೋರ್ಟಿನಲ್ಲಿ ಒಂದು ಸಾಲು ಬರೆದು ಸಹಿ ಹಾಕುವುದು ಸುಲಭ. ಯಾವ ಪರೀಕ್ಷೆ, ಯಾವ ಭಾಷೆ, ಎಷ್ಟು ಸಲ ಅನ್ನುವುದು ಇಲ್ಲದಿದ್ದರೆ ಆ ಸಾಲಿಗೆ ಬೆಲೆಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅನ್ನುವ ಬೆಳಗಾವಿ ಮಕ್ಕಳ ವಿಷಯದಲ್ಲಂತೂ ಖಂಡಿತ.

ಸ್ಯಾಲಿ–ಆ್ಯನ್ ಪರೀಕ್ಷೆಯನ್ನೇ ತಗೊಳ್ಳಿ. ಒಂದು ಗೊಂಬೆ ಇಟ್ಟುಹೋದ ಗೋಲಿಯನ್ನು ಇನ್ನೊಂದು ಗೊಂಬೆ ಬೇರೆ ಕಡೆ ಇಡುತ್ತದೆ, ಮೊದಲಿನ ಗೊಂಬೆ ಬಂದು ಎಲ್ಲಿ ನೋಡುತ್ತದೆ ಅಂತ ಮಗು ಹೇಳಬೇಕು. ಬ್ಯಾರನ್-ಕೋಹೆನ್, ಲೆಸ್ಲಿ ಮತ್ತು ಫ್ರಿತ್ ಅವರ 1985ರ ಅಧ್ಯಯನದಲ್ಲಿ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪಿದರು. ಈ 16 ಎಲ್ಲರಿಗೂ ಬಾಯಿಪಾಠ. ಸರಿಯಾಗಿ ಹೇಳಿದ ನಾಲ್ವರು ಯಾರಿಗೂ ನೆನಪಿಲ್ಲ. ಆ 16 ಮಕ್ಕಳೂ ಗೋಲಿ ಈಗ ಎಲ್ಲಿದೆ (ವಾಸ್ತವದ ಪ್ರಶ್ನೆ), ಮೊದಲು ಎಲ್ಲಿತ್ತು (ನೆನಪಿನ ಪ್ರಶ್ನೆ) ಎಂಬ ಎರಡಕ್ಕೂ ಸರಿ ಉತ್ತರ ಕೊಟ್ಟಿದ್ದರು. ಅವರ ತಪ್ಪಿಗೆ ಅರ್ಥ ಬಂದಿದ್ದೇ ಅದರಿಂದ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಇದೇ ಎರಡು ಪ್ರಶ್ನೆ.

ಬೇಕಾದ್ದು ಎರಡು ಗೊಂಬೆ (ಗೌರಿ, ಸುಮಾ ಅನ್ನೋಣ), ಒಂದು ಬುಟ್ಟಿ, ಒಂದು ಡಬ್ಬಿ, ಒಂದು ಗೋಲಿ. ಗೌರಿ ಯಾರು, ಸುಮಾ ಯಾರು ಅಂತ ಮಗು ತೋರಿಸಿದ ಮೇಲೇ ಮುಂದಿನ ಮಾತು. ಗೌರಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಹೊರಗೆ ಅಂದರೆ ಪೂರ್ತಿ ಮರೆಗೆ. ಟೇಬಲ್ಲಿನ ಅಂಚಿಗೇ ನಿಲ್ಲಿಸಿದರೆ ಅವಳು ನೋಡುತ್ತಿದ್ದಾಳೆ ಅಂತಲೇ ಮಗು ತಿಳಿಯುತ್ತದೆ. ಸುಮಾ ಗೋಲಿಯನ್ನು ಡಬ್ಬಿಗೆ ಹಾಕುತ್ತಾಳೆ. ಗೌರಿ ವಾಪಸ್ ಬಂದಾಗ ಕೇಳಬೇಕಾದ್ದು: “ಗೌರಿ ಮೊದಲ ಎಲ್ಲಿ ನೋಡತಾಳ?” ಇದೇ ನಂಬಿಕೆಯ ಪ್ರಶ್ನೆ, ಸರಿ ಉತ್ತರ ಬುಟ್ಟಿ. “ಎಲ್ಲಿ ಹುಡುಕಬೇಕು?” ಅಂತ ಕೇಳಿದರೆ ಡಬ್ಬಿ ಅನ್ನುವ ಮಗುವಿನ ಉತ್ತರವೇ ಸರಿ! ಕೇಳುವಾಗ ನಿಮ್ಮ ಕಣ್ಣು ಡಬ್ಬಿಯ ಕಡೆ ಹೊರಳಬಾರದು. ಅದೇ ಪ್ರಶ್ನೆ ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪೇನೋ ಅಂತ ಮಗು ಉತ್ತರ ಬದಲಿಸುತ್ತದೆ. ಇರುವುದು ಎರಡೇ ಜಾಗ, ಸುಮ್ಮನೆ ಊಹಿಸಿದರೂ ಅರ್ಧ ಸಲ ಸರಿ ಬರುತ್ತದೆ. ಅದಕ್ಕೇ ಮೂಲ ಅಧ್ಯಯನದ ಎರಡನೇ ಸುತ್ತಿನಲ್ಲಿ ಗೋಲಿ ಪರೀಕ್ಷಕರ ಜೇಬಿಗೆ ಹೋಗಿತ್ತು. ನೀವೂ ಹಾಗೇ ಮಾಡಿ.

ನಾಲ್ಕು ತುಂಬದ ಮಗು ಇಲ್ಲಿ ತಪ್ಪಿದರೆ ಅದು ವಯಸ್ಸಿನ ಮಾತು. ಕಿವಿ ಕೇಳಿಸದ, ಮನೆಯಲ್ಲಿ ಯಾರಿಗೂ ಸನ್ನೆ ಭಾಷೆ ಬಾರದ ಮಕ್ಕಳೂ ಇದರಲ್ಲಿ ತಡವಾಗುತ್ತಾರೆ. ಶ್ರವಣ ಪರೀಕ್ಷೆ ಮೊದಲು ಆಗಿರಲಿ.

ದೊಡ್ಡವರ ಪರೀಕ್ಷೆಗೆ ಊರಿನ ರೂಢಿಯೇ ಅಡ್ಡ ಬರುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಬಳಸುವ ಹಿಂಟಿಂಗ್ ಟಾಸ್ಕ್‌ನಲ್ಲಿ 10 ಸನ್ನಿವೇಶ. ಮಾತಿನ ಒಳಗಿನ ಇಂಗಿತ ಮೊದಲ ಸಲಕ್ಕೇ ಹಿಡಿದರೆ 2 ಅಂಕ, ಇನ್ನಷ್ಟು ಸುಳಿವು ಕೊಟ್ಟ ಮೇಲೆ ಹಿಡಿದರೆ 1. ಒಂದರಲ್ಲಿ ಸೆಕೆಯಲ್ಲಿ ದೂರದಿಂದ ಬಂದವನು ಪ್ರಯಾಣದ ಬಗ್ಗೆ ಗೊಣಗುತ್ತಾನೆ. ಕುಡಿಯಲಿಕ್ಕೆ ಬೇಕು ಅನ್ನೋದು ಇಂಗಿತ. ವಿಜಯಪುರದಲ್ಲಿ “ನೀವಾದ್ರ ಏನ್ ಮಾಡ್ತೀರಿ?” ಅಂತ ಕೇಳಿದರೆ ಕೆಟ್ಟಿತು. ಬಂದವರು ಬಾಯಿ ಬಿಡುವ ಮೊದಲೇ ನೀರು ಕೊಡುವ ಸೀಮೆ ಇದು, “ನೀರ್ ಕೊಡ್ತೀನ್ರಿ” ಅನ್ನಲು ಇಂಗಿತ ತಿಳಿಯಬೇಕಾಗಿಲ್ಲ. “ಅವ ಹಂಗಂದದ್ದರ ಅರ್ಥ ಏನು?” ಅಂತಲೇ ಕೇಳಬೇಕು.

ಫೋ ಪಾ, ಅಂದರೆ ತಿಳಿಯದೆ ಇನ್ನೊಬ್ಬರಿಗೆ ನೋವಾಗುವ ಮಾತಾಡಿಬಿಡುವ ಕಥೆಗಳಿಗೆ ಕುಬಸದ ಮನೆ ಚೆನ್ನಾಗಿ ಹೊಂದುತ್ತದೆ: ಇಳಕಲ್ ಸೀರೆ ತಂದಾಕೆಯ ಎದುರಿಗೇ, ಆಕೆ ತಂದದ್ದೆಂದು ಗೊತ್ತಿಲ್ಲದೆ, ಒಬ್ಬಳು “ಇದು ಬಣ್ಣಾ ಬಿಡತೈತಿ ನೋಡ್ರಿ” ಅನ್ನುತ್ತಾಳೆ. ತಪ್ಪು ಮಾತು ಯಾವುದು ಅಂತ ಹೆಚ್ಚಿನವರು ಹೇಳುತ್ತಾರೆ. “ಆಕಿಗೆ ಗೊತ್ತಿತ್ತೇನು?” ಅನ್ನುವಲ್ಲೇ ಮುಗ್ಗರಿಸುವುದು, ಬೇಕಂತಲೇ ಅಂದಳು ಅನ್ನುತ್ತಾರೆ. ಆದರೆ ಕಥೆ ಬದಲಿಸಿದ ಮೇಲೆ ವಿದೇಶದ ಅಂಕಗಳ ಗಡಿ ನಿಮಗೆ ಉಪಯೋಗವಿಲ್ಲ. ಅದೇ ವಯಸ್ಸಿನ, ಅಷ್ಟೇ ಓದಿದ ಆರೋಗ್ಯವಂತರ ಮೇಲೆ ಮೊದಲು ನೋಡಬೇಕು. ನಿಮ್ಹಾನ್ಸ್‌ನವರು ಭಾರತದ ಸಂದರ್ಭಕ್ಕೆ ರೂಪಿಸಿದ ಸೊಕ್ರಾಟಿಸ್ (ಇಂಥ ಪರೀಕ್ಷೆಗಳ ಸಂಗ್ರಹ) ಸಿಕ್ಕರೆ ಅದನ್ನೇ ಬಳಸಿ.

ಕಣ್ಣಿನ ಫೋಟೊಗಳ ಪರೀಕ್ಷೆ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. 36 ಫೋಟೊ, ಪ್ರತಿಯೊಂದಕ್ಕೂ ನಾಲ್ಕು ಪದ, ಆ ಕಣ್ಣಿನ ಭಾವಕ್ಕೆ ಹೊಂದುವುದನ್ನು ಆರಿಸಬೇಕು. ಕಣ್ಣು ಮುಚ್ಚಿ ಆರಿಸಿದರೂ ಸುಮಾರು 9 ಸರಿ. ಕಡಿಮೆ ಓದಿದವರಲ್ಲಿ ಅದು ಅಳೆಯುವುದು ಹೆಚ್ಚಾಗಿ ಪದಸಂಪತ್ತನ್ನೇ.

ರಿಪೋರ್ಟಿನಲ್ಲಿ ಹೀಗೆ ಬರೆಯಬಹುದು: “ಮರಾಠಿಯಲ್ಲಿ ಎರಡು ಸುತ್ತು, ನೆನಪಿನ ಪ್ರಶ್ನೆ, ವಾಸ್ತವದ ಪ್ರಶ್ನೆ ಎರಡೂ ಸರಿ, ನಂಬಿಕೆಯ ಪ್ರಶ್ನೆ ಎರಡೂ ಸಲ ತಪ್ಪು.” ನೆನಪಿನ ಪ್ರಶ್ನೆಯೇ ತಪ್ಪಿದ್ದರೆ ‘ಅಳೆಯಲಾಗಲಿಲ್ಲ’ ಅಂತ ಬರೆದು, ಇನ್ನೊಂದು ದಿನಕ್ಕೆ ಕರೆಯಿರಿ.